ಜಪ್ಪಯ್ಯ ಅಂದರೂ ಬಿಚ್ಚದ ನಟ್ಟು

ಸಿಂಗಪುರದಲ್ಲಿ ಗಂಡುಹುಡುಗರಿಗೆ ಸುಮಾರು 2 ವರ್ಷ ಸೇನಾಸೇವೆ ಕಡ್ಡಾಯ. ಹಾಗಾಗಿ ಇಲ್ಲಿನ ಕನ್ನಡದ ಮನೆಗಳಲ್ಲಿ ಶನಿವಾರದ ಬಿಸಿಬೇಳೆಬಾತಿನ ಜೊತೆ ರೈಫಲ್ ಪುರಾಣವೂ ಬಡಿಸಿಕೊಳ್ಳುತ್ತದೆ. ನಮ್ಮ ಮಗನದು ಇಲ್ಲೇ ತಯಾರಾದ ಎಸ್‌ಎಆರ್ 21. ಎದುರುಮನೆ ಅಂಕಲ್‌ದು ಹಳೇ ಎಂ16.

"ಈಗಿನವರಿಗೇನು ಕಷ್ಟ?" ಅಂತ ಅಂಕಲ್ ಶುರು ಮಾಡುತ್ತಾರೆ. ಎಂ16ರ ನಳಿಗೆ ಮುಚ್ಚುವ ಹ್ಯಾಂಡ್‌ಗಾರ್ಡಿನ ಹೋಳುಗಳನ್ನು ಕೀಳಲು ಒಬ್ಬ ಸ್ಪ್ರಿಂಗಿನ ಉಂಗುರ ಹಿಂದಕ್ಕೆ ಅದುಮಿ ಹಿಡಿಯಬೇಕು, ಇನ್ನೊಬ್ಬ ಹೋಳು ಎಳೆಯಬೇಕು. ಬೆರಳು ಜಜ್ಜಿದರೆ ಸ್ನೇಹ ಮುಗಿಯಿತು! ಆ ಉಂಗುರದ ಒಳಗೆ ಹಲ್ಲುಹಲ್ಲಿನ ಬ್ಯಾರೆಲ್ ನಟ್ಟು. ಕನಿಷ್ಠ 30 ಅಡಿ-ಪೌಂಡ್ ಬಿಗಿದು, ಗ್ಯಾಸ್ ಕೊಳವೆ ತೂರುವಂತೆ ಹಲ್ಲುಸಂದಿ ಸರಿಹೊಂದುವವರೆಗೆ ಇನ್ನಷ್ಟು ತಿರುಗಿಸುತ್ತಾರೆ. ಅದು ಕಚ್ಚಿಕೊಂಡರೆ ಮಾಮೂಲಿ ಸ್ಪ್ಯಾನರ್ ಕೆಲಸಕ್ಕೆ ಬಾರದು. ಆ ಹಲ್ಲುಗಳಿಗೇ ಹೊಂದುವ ವಿಶೇಷ ರೆಂಚು ಬೇಕು.

ಅಮೆರಿಕದಲ್ಲಾದರೆ ಆ ರೆಂಚು ಅಂಗಡಿಯಲ್ಲೇ ಸಿಗುತ್ತದಂತೆ. ಇಲ್ಲಿ ಜಲನ್ ಬೆಸಾರ್‌ನ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ರೈಫಲ್ ನಟ್ಟು ಬಿಚ್ಚೋದು ಕೊಡಿ" ಅಂದು ನೋಡಿ! ಇಲ್ಲಿನ 1973ರ ಶಸ್ತ್ರಾಸ್ತ್ರ ಅಪರಾಧ ಕಾಯ್ದೆಯಲ್ಲಿ, ಗಾಯಗೊಳಿಸುವ ಉದ್ದೇಶದಿಂದ ಗುಂಡು ಹಾರಿಸಿದವನಿಗೆ ನೇಣು. ಅಂಥ ಊರಲ್ಲಿ ಅಂಗಡಿಯವ ಬಿಲ್ ಬರೆಯೋ ಮೊದಲು ಫೋನ್ ಎತ್ತಿಯಾನು.

"ನಟ್ಟು ಮುಟ್ಟೋದು ಬಂದೂಕು ರಿಪೇರಿ ಮಾಡೋ ಆರ್ಮರರ್ ಕೆಲಸ, ನಮ್ಮದಲ್ಲ" ಅಂದ ಮಗ, ಹಪ್ಪಳ ಮುರಿಯುತ್ತಾ. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು: "ರೀ, ಸಿಂಕಿನ ಕೆಳಗಿನ ನಟ್ಟು ಒಂದು ವಾರದಿಂದ ತೊಟ್ಟಿಕ್ತಿದೆ. ಅದಕ್ಕೆ ಯಾವ ಆರ್ಮರರ್ ಬರ್ತಾನೆ?"

ಅಂಕಲ್ ಚಪ್ಪಲಿ ಹುಡುಕತೊಡಗಿದರು.