ಗೃಹಪಾಠ ಪ್ರಸಂಗ

ಹೈದರಾಬಾದಿನ ಪ್ರೌಢಶಾಲೆಯೊಂದರಲ್ಲಿ, ಕನ್ನಡ ಬಾಲಕನೊಬ್ಬನ ಗೃಹಪಾಠವನ್ನು ಪರಾಮರ್ಶಿಸುತ್ತಿದ್ದ ಇತಿಹಾಸದ ಉಪಾಧ್ಯಾಯರು, ಶಾಸ್ತ್ರವೇ ಭ್ರಷ್ಟವಾಯಿತೆಂಬ ವಿಷಾದದಿಂದ ತಲೆಯಾಡಿಸಿದರು.

ಉಪಾಧ್ಯಾಯರು: ಗೋಲ್ಕೊಂಡೆಯ ಪತನವನ್ನು ಹತ್ತು ಪಂಕ್ತಿಗಳಲ್ಲಿ ಬರೆಯೆಂದರೆ, ಆರು ಪುಟಗಳಿಗೇಕೆ ವಿಸ್ತರಿಸಿದೆಯಯ್ಯಾ?

ವಿದ್ಯಾರ್ಥಿ: 1687ರಲ್ಲಿ ಔರಂಗಜೇಬನಿಗೇ ಎಂಟು ತಿಂಗಳು ಹಿಡಿಯಿತಲ್ಲವೆ, ಸ್ವಾಮಿ? ಕೋಟೆಯನ್ನು ಹತ್ತಿ ನೋಡಿಬಂದೆ. ಅಫ್ಜಲ್‌ಗಂಜಿನ ಗ್ರಂಥಾಲಯದಲ್ಲಿಯೂ ಓದಿದೆ.

ಉಪಾಧ್ಯಾಯರು: ಇಂತಹ ಅಪ್ರಾಮಾಣಿಕ ಆಕರಗಳನ್ನು ಆಶ್ರಯಿಸಿದರೆ ಗೈಡಿನ ಗತಿಯೇನು?

ವಿದ್ಯಾರ್ಥಿ: ಗೈಡಿನಲ್ಲಿ ಚಾರ್‌ಮಿನಾರು ಕಟ್ಟಿದ್ದು 1951ರಲ್ಲಿ ಎಂದಿದೆ, 1591 ಅಲ್ಲವೆ?

ಉಪಾಧ್ಯಾಯರು: ಇರಬಹುದು, ಆದರೆ ಉತ್ತರಪತ್ರಿಕೆಗಳನ್ನು ತಿದ್ದುವ ಮಹನೀಯರು ನೋಡುವುದು ಗೈಡನ್ನೇ ಹೊರತು ಚಾರ್‌ಮಿನಾರನ್ನಲ್ಲ.

ವಿದ್ಯಾರ್ಥಿ: ಬೀದರ, ರಾಯಚೂರು, ಕಲಬುರ್ಗಿಗಳೂ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದುದರಿಂದ, ಬೀದರದ ನಮ್ಮಜ್ಜನ ಸ್ಮೃತಿಗಳನ್ನಾದರೂ ಬರೆದುಕೊಳ್ಳಲೆ?

ಉಪಾಧ್ಯಾಯರು: ಪಠ್ಯಕ್ರಮದಲ್ಲಿ ನಿಮ್ಮಜ್ಜನಿಗೆಷ್ಟು ಅಂಕಗಳು ನಿಗದಿಯಾಗಿವೆ?

ವಿದ್ಯಾರ್ಥಿ: ಹೋಗಲಿ, ಗೋಲ್ಕೊಂಡೆಯ ಬಾಗಿಲನ್ನು ಶತ್ರುವಿಗೆ ತೆರೆದುಕೊಟ್ಟವನು ಒಳಗಿನವನೇ ಅಲ್ಲವೆ? ಏಕೆ ತೆರೆದನೆಂದು ವಿಚಾರಿಸಬೇಡವೆ?

ಉಪಾಧ್ಯಾಯರು: ಏಕೆಂಬುದು ಪರೀಕ್ಷೆಗಿಲ್ಲ; ಯಾವಾಗ ಎಂಬುದಕ್ಕೆ ಒಂದು ಅಂಕವುಂಟು. ಗೈಡಿನ ಹತ್ತು ಪಂಕ್ತಿಗಳನ್ನು ಹತ್ತು ಸಲ ನಕಲುಮಾಡಿ ನಾಳೆ ತಾ. ಸ್ವಂತ ಅಕ್ಷರದಲ್ಲಿರಲಿ, ಸ್ವಂತ ಆಲೋಚನೆಯಲ್ಲಿ ಬೇಡ.