82 ಲೋಟ ಕಾಫಿ

ನನಗೆ ಸಕ್ಕರೆ ಕಾಯಿಲೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಫಿ ಲೋಟಕ್ಕೆ ಗುಳಿಗೆ ಹಾಕಿಕೊಳ್ಳುವವನನ್ನು ಕಂಡ ಕೂಡಲೇ ನಮ್ಮ ಮೈಸೂರಿನ ಜನ ದನಿ ತಗ್ಗಿಸಿ "ಯಾವಾಗಿಂದ ಸಾರ್ ಶುಗರ್ರು?" ಅನ್ನುತ್ತಾರೆ. ಕೇಳಿ ಸುಮ್ಮನಾಗುವುದೂ ಇಲ್ಲ. ಮೆಂತ್ಯ, ಹಾಗಲಕಾಯಿ, ಅಮೃತಬಳ್ಳಿ ಎಂದು ನಿಂತ ಜಾಗದಲ್ಲೇ ಚಿಕಿತ್ಸೆ ಶುರುಮಾಡುತ್ತಾರೆ.

ನಾನಿರುವುದು ಕಾಯಿಲೆಯ ಹೊಸ್ತಿಲ ಮೇಲೆ. 2023ರ ಯುಗಾದಿ ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ ಎಂಬುದರ ಎದುರು 6.1 ಎಂದಿತ್ತು. 5.7ರ ಒಳಗಿದ್ದರೆ ಸಜ್ಜನ, 6.5 ಮುಟ್ಟಿದರೆ ರೋಗಿ, ನಡುವಿನವನು ತ್ರಿಶಂಕು. ತಪ್ಪನ್ನು ಹಬ್ಬದ ಹೋಳಿಗೆಯ ತಲೆಗೆ ಕಟ್ಟೋಣವೆಂದರೆ ಈ ಪರೀಕ್ಷೆ ಬಲು ಕಿಲಾಡಿ. ಹಿಂದಿನ ಎರಡು ಮೂರು ತಿಂಗಳು ರಕ್ತದಲ್ಲಿ ಓಡಾಡಿದ ಸಕ್ಕರೆಯಲ್ಲಿ ಎಷ್ಟು ಹಿಮೋಗ್ಲೋಬಿನ್ನಿಗೆ ಅಂಟಿ ಕೂತಿದೆ ಎಂದು ಲೆಕ್ಕ ಒಪ್ಪಿಸುತ್ತದೆ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ಎದ್ದವನಿಗೆ ಇಂಥ ಆಡಿಟರುಗಳ ಪರಿಚಯ ಚೆನ್ನಾಗಿಯೇ ಇದೆ. ಅವರು ಬರುವ ಹಿಂದಿನ ದಿನ ಮೇಜು ಒರೆಸಿದರೆ ಏನೂ ಪ್ರಯೋಜನವಿಲ್ಲ.

"ಸಿಹಿ ಕಡಿಮೆ ಮಾಡಿ, ಅರ್ಧ ಗಂಟೆ ನಡೀರಿ" ಎಂದರು ಡಾಕ್ಟರು. ಎರಡರಲ್ಲಿ ಯಾವುದನ್ನೂ ಮಾಡದೆ ಎರಡರ ಫಲವನ್ನೂ ಪಡೆಯುವ ಉಪಾಯ ಮೆಡಿಕಲ್ ಶಾಪಿನ ಗಾಜಿನ ಮೇಲೆಯೇ ಇತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ನೆತ್ತಿ ಒತ್ತಿದರೆ ಟಿಕ್ ಎಂದು ಒಂದು ಗುಳಿಗೆ ಬೀಳುತ್ತದೆ. ಬಿದ್ದದ್ದು ನೊರೆಯ ಮೇಲೆ ಒಂದು ಕ್ಷಣ ಕೂತು, ಸುಯ್ ಎಂದು ಸಣ್ಣ ಗುಳ್ಳೆ ಬಿಡುತ್ತಾ ಮುಳುಗುತ್ತದೆ. ಮೊದಲ ವಾರವೆಲ್ಲ ನಾನು ಕಾಫಿ ಕುಡಿಯುವುದನ್ನೇ ಮರೆತು ಇದನ್ನು ನೋಡುತ್ತಾ ಕೂತಿದ್ದೆ.

"ಏನೋ ಅದು, ಹೋಮಿಯೋಪತಿಯೇ?" ಎಂದಳು ಅಮ್ಮ. ಎಂಬತ್ತನಾಲ್ಕು ವಯಸ್ಸು, ಶುಗರ್ ಇಲ್ಲ, ಬಿಪಿ ಇಲ್ಲ, ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ವಿಜ್ಞಾನದ ಮೇಲಿನ ನಂಬಿಕೆ ಹೋಗಬೇಕಾದರೆ ಮನೆಯಲ್ಲಿ ಇಂಥವರೊಬ್ಬರಿದ್ದರೆ ಸಾಕು.

"ಸಕ್ಕರೆ ಬದಲು ಇದು. ಆಸ್ಪರ್ಟೇಮ್ ಅಂತ. ಸಕ್ಕರೆಗಿಂತ ಇನ್ನೂರು ಪಟ್ಟು ಸಿಹಿ."

ಅಮ್ಮ ನಾನು ಕುಡಿದಿಟ್ಟ ಲೋಟವನ್ನು ಸಂಜೆಯವರೆಗೂ ತೊಳೆಯಲು ಬಿಡಲಿಲ್ಲ. ಪಕ್ಕದಲ್ಲೇ ತನ್ನ ಲೋಟವನ್ನೂ ಇಟ್ಟಿದ್ದಳು. ಅವಳ ಲೋಟಕ್ಕೆ ಇರುವೆಗಳ ಜಾತ್ರೆ ನೆರೆದಿತ್ತು; ನನ್ನದರ ಕಡೆ ಒಂದೂ ತಿರುಗಿ ನೋಡಿರಲಿಲ್ಲ.

"ಇರುವೆಯೇ ಮೂಸದ್ದನ್ನ ನೀನು ಕುಡೀತೀಯಲ್ಲೋ!"

ನಾಲಿಗೆಯ ಸಿಹಿ ಒಂದೊಂದು ಜೀವಿಗೆ ಒಂದೊಂದು ರೀತಿ, ಬೆಕ್ಕಿಗೆ ಸಕ್ಕರೆಯ ಸಿಹಿಯೇ ತಿಳಿಯುವುದಿಲ್ಲ, ಹಾಗೆಂದು ಸಕ್ಕರೆ ವಿಷವಾಯಿತೇ ಎಂದು ವಾದಿಸಿದೆ. "ನಮ್ಮನೇಲಿ ಬೆಕ್ಕಿಲ್ಲ" ಎಂದು ಅಮ್ಮ ವಾದವನ್ನು ವಜಾ ಮಾಡಿದಳು.

ಆಮೇಲೆ ಶುರುವಾಯಿತು ನನ್ನ ಉಳಿತಾಯ ಖಾತೆ. ಒಂದು ಚಮಚ ಸಕ್ಕರೆಗೆ ಹದಿನಾರು ಕ್ಯಾಲೊರಿ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರು ಕಾಫಿ, ಆರು ಚಮಚ, ತೊಂಬತ್ತಾರು ಕ್ಯಾಲೊರಿ ಜಮಾ. ವಾರಕ್ಕೆ ಹತ್ತಿರ ಹತ್ತಿರ ಏಳುನೂರು. ಇಷ್ಟು ಠೇವಣಿ ಇಟ್ಟವನು ಮದುವೆ ಮನೆಯಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ, ಒಂದು ಚಿರೋಟಿ, ಬಾದಾಮಿ ಹಾಲು ಎಂದು ಸಣ್ಣಪುಟ್ಟ ವಿತ್‌ಡ್ರಾವಲ್ ಮಾಡಿದರೆ ಯಾರಿಗೆ ನಷ್ಟ? ಊಟ ಮುಗಿಸಿ ಕಾಫಿ ತಂದವನಿಗೆ "ನನಗೆ ವಿತೌಟ್" ಎಂದು ಗಂಭೀರವಾಗಿ ಹೇಳಿ, ಜೇಬಿನಿಂದ ಡಬ್ಬಿ ತೆಗೆದು ಟಿಕ್, ಟಿಕ್ ಎನ್ನಿಸುತ್ತಿದ್ದೆ. ಪಕ್ಕದ ಎಲೆಯವರು ಮೆಚ್ಚಿ ನೋಡುತ್ತಿದ್ದರು. ಎದುರಿನ ಸಾಲಿನಲ್ಲಿ ಕೂತ ನನ್ನಾಕೆಯ ನೋಟದಲ್ಲಿ ಮಾತ್ರ ಓವರ್‌ಡ್ರಾಫ್ಟ್ ನೋಟಿಸು ಇರುತ್ತಿತ್ತು.

ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅವಳ ಪಕ್ಷ ಸೇರಿತು. ತೂಕ ಇಳಿಸುವುದಕ್ಕೆಂದು ಇಂಥ ಬದಲಿ ಸಿಹಿಗಳನ್ನು ಬಳಸಬೇಡಿ, ದೀರ್ಘಕಾಲದಲ್ಲಿ ಕೊಬ್ಬು ಇಳಿಯುವುದಕ್ಕೆ ಅವು ನೆರವಾಗುವುದಿಲ್ಲ ಎಂದು ಅದು ಹೇಳಿತು. ಕೊನೆಯಲ್ಲೊಂದು ವಿನಾಯಿತಿಯೂ ಇತ್ತು: ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಅಂದರೆ ಊರಲ್ಲಿ ಯಾರೆಲ್ಲ ನನ್ನನ್ನು "ಶುಗರಾ?" ಎಂದು ಕೇಳಿದರೋ, ಅವರಿಗೆ ಹೌದು ಎಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ತ್ರಿಶಂಕುವಿಗೆ ಯಾವ ವಿನಾಯಿತಿಯೂ ಇಲ್ಲ.

ಇಷ್ಟಾದರೂ ಪಾಠ ಕಲಿಯದೆ ಒಂದು ಭಾನುವಾರ ಪಾಯಸಕ್ಕೆ ಕೈಹಾಕಿದೆ. ಶಾವಿಗೆ ಹುರಿದದ್ದು ನಾನೇ, ಹಾಲು ಕಾಯಿಸಿದ್ದು ನಾನೇ. ಇಪ್ಪತ್ನಾಲ್ಕು ಗುಳಿಗೆ ಎಣಿಸಿ ಕುದಿಯುವ ಹಾಲಿಗೆ ಹಾಕಿ, ಚೆನ್ನಾಗಿ ಸೇರಲೆಂದು ಅರ್ಧ ಗಂಟೆ ಸಣ್ಣ ಉರಿಯಲ್ಲಿಟ್ಟೆ. ಅಮ್ಮ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, "ಯಾರಿಗೋ ಜ್ವರ? ಗಂಜಿ ಮಾಡಿದ್ದೀಯ?" ಎಂದಳು. ಆಸ್ಪರ್ಟೇಮ್ ಹೆಚ್ಚು ಹೊತ್ತು ಬೆಂಕಿಯ ಮುಂದೆ ನಿಲ್ಲುವ ಕುಳವಲ್ಲ. ಕಾದಂತೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಇದು ಡಬ್ಬಿಯ ಕಾಗದದಲ್ಲಿ ಇತ್ತಂತೆ. ಕಾಗದ ನಾನು ಓದಿರಲಿಲ್ಲ. ಸಾಲದ ಅರ್ಜಿಗಳ ಸಣ್ಣಕ್ಷರವನ್ನು ಜನ ಓದುವುದಿಲ್ಲವೆಂದು ಮೂವತ್ತನಾಲ್ಕು ವರ್ಷ ಬೈದವನು ನಾನೇ.

ಮರುವಾರ ಬೆಂಕಿಗೆ ಜಗ್ಗದ ಸುಕ್ರಲೋಸ್ ತಂದೆ, ದ್ರವರೂಪದ್ದು. ಅದು ಸಕ್ಕರೆಗಿಂತ ಆರುನೂರು ಪಟ್ಟು ಸಿಹಿ. ಆರು ಹನಿ ಎಂದಿದ್ದಲ್ಲಿ ಕೈಜಾರಿ ಒಂದು ಚಮಚ ಬಿತ್ತು. ಆ ಪಾಯಸ ಕುಡಿದವರ ನಾಲಿಗೆಗೆ ರಾತ್ರಿಯ ಹುಣಸೆ ಗೊಜ್ಜು ಕೂಡ ಪಾಯಸವಾಗಿಯೇ ಇಳಿಯಿತು. ಪಾಕ ಹಿಡಿದು ಮೈಸೂರು ಪಾಕ್ ಮಾಡುವ ಯೋಚನೆಯೂ ಇತ್ತು. ಎಳೆ ಬರಬೇಕಾದರೆ ಸಕ್ಕರೆಯೇ ಬೇಕು, ಆರು ಹನಿ ನೀರನ್ನು ಎಷ್ಟು ಕುದಿಸಿದರೂ ಆವಿ ಹೋಗುತ್ತದೆಯೇ ಹೊರತು ಎಳೆ ಬರುವುದಿಲ್ಲ ಎಂದು ನನ್ನಾಕೆ ಬಾಣಲೆಯನ್ನೇ ಎತ್ತಿಟ್ಟಳು.

ಸುಕ್ರಲೋಸಿನ ಕಥೆ ಗೊತ್ತೇ? 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಶಶಿಕಾಂತ್ ಫಡ್ನಿಸ್ ಎಂಬ ನಮ್ಮ ದೇಶದ ಸಂಶೋಧಕರಿದ್ದರು. ಕ್ಲೋರಿನ್ ಸೇರಿಸಿದ ಸಕ್ಕರೆಯ ಪುಡಿಯೊಂದನ್ನು ಟೆಸ್ಟ್ ಮಾಡಿ ಎಂದು ಮೇಲಿನವರು ಹೇಳಿದ್ದು ಅವರ ಕಿವಿಗೆ ಟೇಸ್ಟ್ ಮಾಡಿ ಎಂದು ಕೇಳಿಸಿತಂತೆ. ಸ್ವಲ್ಪ ನಾಲಿಗೆಗೆ ಹಾಕಿಕೊಂಡರು. ಇದನ್ನು ಅಭಿಮಾನದಿಂದ ಊಟದ ಹೊತ್ತಿಗೆ ಹೇಳಿದೆ.

"ನಿಮಗೂ ಹಾಗೇ ಕೇಳಿಸೋದು" ಎಂದಳು ನನ್ನಾಕೆ. "ಕೊತ್ತಂಬರಿ ಅಂದ್ರೆ ಪುದೀನ ತರ್ತೀರಿ, ಹಸಿಮೆಣಸಿನಕಾಯಿ ಅಂದ್ರೆ ದಪ್ಪಮೆಣಸಿನಕಾಯಿ ತರ್ತೀರಿ. ಮೂವತ್ತು ವರ್ಷ ಆಯ್ತು, ಒಂದಾದ್ರೂ ಕಂಡುಹಿಡಿದ್ರಾ?"

ಮಾತು ತಿರುಗಿಸಲು ಉಳಿದವರ ಕಥೆಯನ್ನೂ ಹೇಳಬೇಕಾಯಿತು. 1879ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಪ್ರಯೋಗಾಲಯದಲ್ಲಿ ಕಲ್ಲಿದ್ದಲ ಟಾರಿನ ಜೊತೆ ಒದ್ದಾಡಿ ಮನೆಗೆ ಬಂದ ಫಾಲ್‌ಬರ್ಗ್ ಬ್ರೆಡ್ಡು ಕಚ್ಚಿದರೆ ಸಿಹಿ. ಕೈಗೆ ಮೆತ್ತಿದ್ದದ್ದು ಸ್ಯಾಕರಿನ್. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ವೇಡಾ ಎಂಬಾತನಿಗೆ ಸಿಗರೇಟು ಸಿಹಿಯಾಯಿತು, ಸೈಕ್ಲಮೇಟ್ ಸಿಕ್ಕಿತು. 1965ರಲ್ಲಿ ಶ್ಲಾಟರ್ ಎಂಬಾತ ಹುಣ್ಣಿನ ಔಷಧ ಹುಡುಕುತ್ತಾ, ಕಾಗದ ಎತ್ತಲು ಬೆರಳು ನೆಕ್ಕಿದಾಗ ನನ್ನ ಆಸ್ಪರ್ಟೇಮ್ ಹುಟ್ಟಿತು.

ಅಮ್ಮ ತುತ್ತು ಕೆಳಗಿಟ್ಟಳು. "ಅಲ್ಲ ಕಣೋ, ಇವರಲ್ಲಿ ಒಬ್ಬರೂ ಕೈ ತೊಳೀತಿರಲಿಲ್ವೇ?"

ನನ್ನ ಬಳಿ ಉತ್ತರವಿರಲಿಲ್ಲ. ಒಂದು ಶಾಸ್ತ್ರ ಪೂರ್ತಿ ಎಂಜಲು, ಮೈಲಿಗೆಯ ಮೇಲೆ ನಿಂತಿದೆ ಎಂಬುದು ನನಗೂ ಅಂದೇ ಹೊಳೆದದ್ದು.

ಜುಲೈ 2023. ಬೆಳಿಗ್ಗೆ ವಾಕಿಂಗಿಗೆ, ಅಂದರೆ ಪಾರ್ಕಿನ ಬೆಂಚಿಗೆ ಹೋಗಿದ್ದಾಗ ಗೆಳೆಯರೊಬ್ಬರು ಮೊಬೈಲು ಮುಖಕ್ಕೆ ಹಿಡಿದರು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಆಸ್ಪರ್ಟೇಮನ್ನು 2ಬಿ ಗುಂಪಿಗೆ ಸೇರಿಸಿದೆ, ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ. ಮೂರು ತಿಂಗಳಲ್ಲಿ ನುಂಗಿದ್ದು ಐನೂರು ಗುಳಿಗೆ ದಾಟಿತ್ತು. ಮನೆಗೆ ಬಂದವನೇ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದು, ಸೋಫಾದ ಮೇಲೆ ಅಂಗಾತ ಮಲಗಿ, ನಾಮಿನೇಷನ್ ಪತ್ರಗಳೆಲ್ಲ ಯಾವ ಬೀರುವಿನಲ್ಲಿವೆ ಎಂದು ಹೆಂಡತಿಗೆ ಹೇಳತೊಡಗಿದೆ.

ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ನಮ್ಮ ಮನೆಯಲ್ಲಿ ಯಾವುದನ್ನಾದರೂ ಪೂರ್ತಿ ಓದುವವಳು ಅವಳೊಬ್ಬಳೇ. "ಇದೇ ಪಟ್ಟಿಯಲ್ಲಿ ಲೋಳೆಸರವನ್ನ ಇಡೀ ಎಲೆ ಅರೆದು ತೆಗೆದ ರಸವೂ ಇದೆ, ನೋಡಿ." ನನ್ನ ನಾದಿನಿ ಹಿತ್ತಲಿನ ಲೋಳೆಸರ ಕಿತ್ತು, ಸಿಪ್ಪೆ ಸಮೇತ ಅರೆದು, ಕಾಂತಿಗೆಂದು ದಿನಾ ಬೆಳಿಗ್ಗೆ ಕುಡಿಯುವುದು ಅದನ್ನೇ. "ಏಷ್ಯಾದ ಸಾಂಪ್ರದಾಯಿಕ ಉಪ್ಪಿನಕಾಯಿಯೂ ಇದೆ." ಎದ್ದು ಕೂತೆ. ಅಡುಗೆಮನೆಯ ಭರಣಿಯಲ್ಲಿ ಸಾಗರದಿಂದ ತರಿಸಿದ ಅಪ್ಪೆಮಿಡಿ ಇತ್ತು. ಅದು ಚೀನಾ ಕಡೆ ತರಕಾರಿ ಹುಳಿ ಬರಿಸುವ ಬಗೆಯಂತೆ, ನಮ್ಮ ಮಿಡಿ ಅಲ್ಲವಂತೆ ಎಂದು ತಿಳಿಯುವವರೆಗೆ ನನಗೆ ಜೀವದಲ್ಲಿ ಜೀವ ಇರಲಿಲ್ಲ. ಕ್ಯಾನ್ಸರಿಗಿಂತ ಭರಣಿ ಎಸೆಯಬೇಕಾಗುವ ಚಿಂತೆಯೇ ದೊಡ್ಡದಾಗಿತ್ತು.

ಆ ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಸಾಕ್ಷಿ ಸಾಲದು, ಗುಮಾನಿ ಹೋಗಿಲ್ಲ ಎಂಬ ಪೊಲೀಸ್ ಠಾಣೆಯ ಪಟ್ಟಿಯಂಥದ್ದು. ಅದೇ ದಿನ ಆಹಾರ ಸೇರ್ಪಡೆಗಳ ಇನ್ನೊಂದು ತಜ್ಞರ ಸಮಿತಿ, ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂವರೆಗೆ ಆಸ್ಪರ್ಟೇಮ್ ಸೇವಿಸಬಹುದೆಂಬ ಹಳೆಯ ಮಿತಿಯನ್ನು ಹಾಗೇ ಉಳಿಸಿತ್ತು. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ತೊಂದರೆ ಇರುವವರು ಮಾತ್ರ ಇದರ ಹತ್ತಿರ ಸುಳಿಯಬಾರದು. ಅದು ಡಬ್ಬಿಯ ಮೇಲೆಯೇ ಇರುತ್ತದೆ. ನಾನು ಕ್ಯಾಲ್ಕುಲೇಟರ್ ತೆಗೆದೆ. ನನ್ನ ತೂಕ 74. ಮಿತಿ 2,960 ಮಿಲಿಗ್ರಾಂ. ನನ್ನ ಡಬ್ಬಿಯ ಗುಳಿಗೆಯೊಂದರಲ್ಲಿ 18 ಮಿಲಿಗ್ರಾಂ. ಅಂದರೆ 164 ಗುಳಿಗೆ. ಲೋಟಕ್ಕೆರಡರಂತೆ ದಿನಕ್ಕೆ 82 ಲೋಟ ಕಾಫಿ.

"82 ಲೋಟ ಕುಡಿದರೂ ಪರವಾಗಿಲ್ಲವಂತೆ ಕಣೇ!"

"ಮಾಡೋರು ಯಾರು?" ಎಂದಳು.

ಕಸದ ಬುಟ್ಟಿಯಿಂದ ಡಬ್ಬಿಯನ್ನು ಹೊರತೆಗೆದು ಒರೆಸಿದೆ.

ಚಾಕೊಲೇಟಿನ ಪ್ರಸಂಗವನ್ನು ಚುಟುಕಾಗಿ ಮುಗಿಸುತ್ತೇನೆ, ನೆನೆದರೆ ಈಗಲೂ ಬೆವರುತ್ತೇನೆ. ದುಬೈಯಿಂದ ಬಂದ ಅಣ್ಣನ ಮಗ ಸಕ್ಕರೆರಹಿತ ಚಾಕೊಲೇಟಿನ ದೊಡ್ಡ ಡಬ್ಬಿ ಕೊಟ್ಟಿದ್ದ. ಬೆಂಗಳೂರಿಗೆ ಹೋಗುವ ನಾನ್‌ಸ್ಟಾಪ್ ಬಸ್ಸಿನಲ್ಲಿ ಕೂತು, ಸಕ್ಕರೆಯೇ ಇಲ್ಲವಲ್ಲ ಎಂಬ ಧೈರ್ಯದಲ್ಲಿ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿದೆ. ಅದರಲ್ಲಿದ್ದದ್ದು ಮಾಲ್ಟಿಟಾಲ್. ಸಣ್ಣ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ಕೆಳಗಿಳಿದು ನೀರು ಸೆಳೆಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ತುಂಬುತ್ತವೆ. ಹೆಚ್ಚು ತಿಂದರೆ ಭೇದಿಯಾಗಬಹುದು ಎಂದು ಡಬ್ಬಿಯ ತಳದಲ್ಲಿ ಅಚ್ಚು ಹಾಕಿದ್ದರು. ತಳವನ್ನು ಓದುವ ಯೋಗ ಬಂದದ್ದು ಮಂಡ್ಯದ ಆಸುಪಾಸಿನಲ್ಲಿ. ಹಳೆಯ ರಸ್ತೆಯಾಗಿದ್ದರೆ ಮದ್ದೂರಿನಲ್ಲಿ ವಡೆಗಾದರೂ ನಿಲ್ಲಿಸುತ್ತಿದ್ದರು. ಹೊಸ ಹೆದ್ದಾರಿಗೆ ಊರುಗಳೇ ಇಲ್ಲ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲವೂ ಹಸಿರು ಬೋರ್ಡುಗಳಾಗಿ ಹಿಂದೆ ಓಡಿದವು. ಕಂಡಕ್ಟರು ಪುಣ್ಯಾತ್ಮ. ನನ್ನ ಮುಖ ನೋಡಿ ಏನನ್ನೂ ಕೇಳದೆ ಸೀಟಿ ಊದಿದರು. ಇಷ್ಟು ಸಾಕು.

ಆಗಸ್ಟಿನಿಂದಾಚೆ ಮಾತ್ರ ನನ್ನ ಕಾಫಿಗೆ ಒಂದು ಕಳೆ ಬಂತು. ಗುಳಿಗೆ ಹಾಕಿದರೆ ಕೊನೆಯಲ್ಲಿ ನಾಲಿಗೆಗೆ ಬರುತ್ತಿದ್ದ ಒಂದು ಬಗೆಯ ತಗಡಿನ ರುಚಿ ಮಾಯವಾಗಿ ದುಂಡಗಿನ, ಊರಕಡೆಯ ಸಿಹಿ ಬಂದಿತ್ತು. ನಾಲಿಗೆ ಹೊಂದಿಕೊಂಡಿತು ಎಂದುಕೊಂಡೆ. ಪಾರ್ಕಿನ ಬೆಂಚಿನ ಮೇಲೆ ಈ ಬಗ್ಗೆ ಉಪನ್ಯಾಸವನ್ನೂ ಕೊಟ್ಟೆ. ಇಬ್ಬರು ಅದೇ ಡಬ್ಬಿ ಕೊಂಡರು. ಲೋಟಕ್ಕೆ ಆಗೀಗ ಇರುವೆ ಹತ್ತುತ್ತಿದ್ದವು. ಅವಕ್ಕೂ ಅಭ್ಯಾಸವಾಗಿರಬೇಕು ಎಂದುಕೊಂಡೆ.

ಡಿಸೆಂಬರಿನ ರಿಪೋರ್ಟು 6.4 ಎಂದಿತು.

ಡಾಕ್ಟರು ಹುಬ್ಬು ಗಂಟಿಕ್ಕಿದರು. ಗುಳಿಗೆಯ ಮೇಲೆ ಹರಿಹಾಯ್ದೆ. ನನ್ನಾಕೆ ಮಾತ್ರ ಒಂದೂ ಮಾತಾಡದೆ, ಮರುದಿನ ನಾನು ಕುಡಿದಿಟ್ಟ ಲೋಟವನ್ನು ಎತ್ತಿ ಬಿಸಿಲಿಗೆ ಹಿಡಿದಳು. ತಳದಲ್ಲಿ ಕಂದು ಬಣ್ಣದ ಗಸಿ. ಅದರ ಸುತ್ತ ಇರುವೆಗಳ ಪಂಕ್ತಿಭೋಜನ. ಬೆರಳಿಗೆ ಹಚ್ಚಿ ನೆಕ್ಕಿದಳು. ಆಸ್ಪರ್ಟೇಮ್ ಕಂಡುಹಿಡಿದದ್ದೂ ಹೀಗೆಯೇ.

"ಅಮ್ಮಾ, ಇವರ ಕಾಫಿಗೆ ಏನು ಹಾಕ್ತಿದ್ದೀರಿ?"

ಡಿಕಾಕ್ಷನ್ ಖಾತೆ ನಮ್ಮಲ್ಲಿ ಅಮ್ಮನದು. ಲೋಟಕ್ಕೆ ಗುಳಿಗೆ ಬೀಳುವ ಮೊದಲೇ ಅವಳ ಕೈ ಆಡಿರುತ್ತದೆ. ಅಮ್ಮ ಸೆರಗು ಸರಿಮಾಡಿಕೊಂಡು, "ಕ್ಯಾನ್ಸರು ಗೀನ್ಸರು ಅಂತ ಮಲಗಿಬಿಟ್ಟಿದ್ದನಲ್ಲೇ ಅವತ್ತು. ಆ ವಿಷ ಬಿಡು ಅಂದರೆ ಬಿಡಲ್ಲ. ಮುರೀಲಿ ಅಂತ ಒಂದು ಚೂರು ಬೆಲ್ಲ ಹಾಕ್ತೀನಿ. ಸಕ್ಕರೆ ಮುಟ್ಟಿಲ್ಲ, ದೇವರಾಣೆ" ಎಂದಳು. ಚೂರು ಎಂದರೆ ಎಷ್ಟು ಎಂದು ತೋರಿಸಲು ಹೆಬ್ಬೆರಳನ್ನು ತೋರುಬೆರಳಿನ ಎರಡನೆಯ ಗೆಣ್ಣಿಗೆ ಒತ್ತಿ ಹಿಡಿದಳು. ದೊಡ್ಡ ನೆಲ್ಲಿಕಾಯಿ ಗಾತ್ರ.

ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ, ರಕ್ತಕ್ಕೆ ಆಲೆಮನೆಯೂ ಒಂದೇ ಸಕ್ಕರೆ ಕಾರ್ಖಾನೆಯೂ ಒಂದೇ ಎಂದು ವಿವರಿಸಲು ಹೊರಟೆ. "ಮಂಡ್ಯದ್ದು ಕಣೋ, ಅಚ್ಚು ಬೆಲ್ಲ" ಎಂದು ಅಮ್ಮ ನನ್ನನ್ನು ತಿದ್ದಿದಳು.

"ಬೆಲ್ಲದ್ದು ಬಿಡಿ" ಎಂದಳು ನನ್ನಾಕೆ, ಮದುವೆ ಮನೆಗಳ ಪಟ್ಟಿಯನ್ನು ಬೆರಳು ಮಡಚುತ್ತಾ ಶುರುಮಾಡಿ. ಏಪ್ರಿಲ್ಲಿನಿಂದ ಡಿಸೆಂಬರಿನವರೆಗೆ ಹನ್ನೊಂದು ಮದುವೆ, ಮೂರು ಗೃಹಪ್ರವೇಶ, ಎರಡು ಉಪನಯನ. ಹೋಳಿಗೆಗಳ ಸಂಖ್ಯೆಯನ್ನು ಅವಳು ನೆನಪಿನಲ್ಲೇ ಇಟ್ಟಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಈಗ ನನ್ನ ಕಾಫಿಗೆ ಏನೂ ಇಲ್ಲ. ಡಬ್ಬಿ ಜಪ್ತಿಯಾಗಿದೆ. ಗುಳಿಗೆ ಕೆಟ್ಟದ್ದೆಂದಲ್ಲ, ಅದು ಜೇಬಿನಲ್ಲಿದ್ದರೆ ನಾನು ಕೆಡುತ್ತೇನೆಂದು. ಬೆಳಿಗ್ಗೆ ವರಾಂಡದಲ್ಲಿ ಕೂತು ಕಹಿ ಕಾಫಿಯನ್ನು ಒಂದೊಂದೇ ಗುಟುಕು ಇಳಿಸುತ್ತೇನೆ. ಮೊನ್ನೆ ಒಂದು ಇರುವೆ ಕಂಬಿಯಿಂದಿಳಿದು ಲೋಟದ ಅಂಚಿಗೆ ಬಂತು, ಮೀಸೆಯಾಡಿಸಿತು, ಅರ್ಧ ಸುತ್ತು ಹಾಕಿ, ಹಳೆಯ ಗಿರಾಕಿ ಮುಚ್ಚಿದ ಅಂಗಡಿಯನ್ನು ನೋಡುವಂತೆ ನೋಡಿ, ಬಂದ ದಾರಿಯಲ್ಲೇ ಹೊರಟಿತು. ಒಳಗೆ ನನ್ನಾಕೆ ಸ್ನಾನಕ್ಕೆ ಹೋದ ಸದ್ದಾಯಿತು. ಬಚ್ಚಲ ಬಾಗಿಲ ಚಿಲಕ ಬಿದ್ದದ್ದೇ ತಡ, ಅಮ್ಮ ಮೆಲ್ಲಗೆ ವರಾಂಡಕ್ಕೆ ಬಂದಳು, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು.