ಬಿಳಿ ಕರಿಯಾಗಿ, ಕರಿ ಬಿಳಿಯಾಗಿ

ಐಕಾನ್ ಅಂದವಾಗಿಲ್ಲ ಎಂದು ಗೊಣಗುವವರಿಗೆ 1985ರ ಅಮಿಗಾ ಕಂಪ್ಯೂಟರನ್ನು ತೋರಿಸಬೇಕು. ಅದರ ‘ವರ್ಕ್‌ಬೆಂಚ್’ ಎಂಬ ಡೆಸ್ಕ್‌ಟಾಪ್ ಪರದೆಗೆ ಇದ್ದದ್ದೇ ನಾಲ್ಕು ಬಣ್ಣ: ನೀಲಿ, ಬಿಳಿ, ಕಪ್ಪು, ಕಿತ್ತಳೆ. ಚುಕ್ಕಿಗಳೂ ಚೌಕವಲ್ಲ, ನೀಳ. ಲೆಕ್ಕಹಾಕಿ ದುಂಡಗೆ ಬಿಡಿಸಿದ ಚಂದ್ರ ಪರದೆಯಲ್ಲಿ ಮೊಟ್ಟೆಯಾಗುತ್ತಿದ್ದ.

ಆದರೂ ಐಕಾನ್ ಬಿಡಿಸುವವರ ಹುರುಪಿಗೇನೂ ಕೊರತೆಯಿರಲಿಲ್ಲ. ಐಕಾನ್ ಇಷ್ಟೇ ದೊಡ್ಡದಿರಬೇಕೆಂಬ ಕಟ್ಟುನಿಟ್ಟು ಇರಲಿಲ್ಲವಲ್ಲ! ಒಂದಕ್ಕೆ ಎರಡು ಚಿತ್ರ ಕೊಡುವ ಸವಲತ್ತೂ ಇತ್ತು: ಕ್ಲಿಕ್ಕಿಸಿದರೆ ಮುಚ್ಚಿದ ಡ್ರಾಯರ್ ತೆರೆದುಕೊಳ್ಳುತ್ತದೆ, ಮಲಗಿದ ಬೆಕ್ಕು ಕಣ್ಣುಬಿಡುತ್ತದೆ. ಸಾಲಾಗಿ ಜೋಡಿಸಿಟ್ಟು, ಜಾಗಗಳನ್ನು ಉಳಿಸುವ ‘ಸ್ನ್ಯಾಪ್‌ಶಾಟ್’ ಒತ್ತಲು ಮರೆತಿರೋ, ಮುಂದಿನ ಸಲ ಎಲ್ಲವೂ ಮದುವೆಮನೆಯ ಕುರ್ಚಿಗಳಂತೆ ಹಳೆಯ ದಿಕ್ಕಾಪಾಲು.

ನಿಜವಾದ ಫಜೀತಿ ಬಂದದ್ದು 1990ರಲ್ಲಿ, ವರ್ಕ್‌ಬೆಂಚ್ 2.0ರ ಜೊತೆ. ಐಕಾನ್ ಫೈಲಿನಲ್ಲಿ ಇರುವುದು ಬಣ್ಣವಲ್ಲ, ಬಣ್ಣದ ನಂಬರು ಮಾತ್ರ. ಹೊಸ ಆವೃತ್ತಿ ಬಿಳಿ, ಕಪ್ಪುಗಳ ನಂಬರುಗಳನ್ನು ಅದಲುಬದಲು ಮಾಡಿತು. ಬಿಳಿ ಹಲ್ಲು ಕರ್ರಗೆ, ಕರಿ ಮೀಸೆ ಬೆಳ್ಳಗೆ! ಕಿತ್ತಳೆಯ ಜಾಗಕ್ಕೆ ನೀಲಿ ಬಂದು ಕೂತಿತು. ಮಂದಿ ಎಲ್ಲವನ್ನೂ ಮತ್ತೆ ಬಿಡಿಸಲು ಕೂತರು, ಯಾರೂ ಕೇಳಿಕೊಳ್ಳದಿದ್ದರೂ.

1994ರಲ್ಲಿ ಅಮಿಗಾ ತಯಾರಿಸುತ್ತಿದ್ದ ಕಮೊಡೋರ್ ಕಂಪನಿಯೇ ದಿವಾಳಿಯಾಯಿತು. ಐಕಾನ್ ಬಿಡಿಸುವವರು ಮಾತ್ರ ಕೈ ನಿಲ್ಲಿಸಲಿಲ್ಲ.